ಉಗಾಂಡದ ಮಕ್ಕಳ ಮನೆಗೆ ಒಂದು ವರ್ಷ ವಾಲಂಟಿಯರ್ ಆಗಿ ಹೋಗ್ಬೇಕು ಅಂತಿದೀನಿ, ದಿನಚರಿ ನಿಜವಾಗ್ಲೂ ಹೇಗಿರುತ್ತೆ?

ಮಲೆನಾಡ ಮಳೆ

ಎಲ್ರಿಗೂ ನಮಸ್ತೆ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ಚಿಕ್ಕಮಗಳೂರು ಕಡೆ ಒಂದು ಆಸ್ಪತ್ರೆಲಿ ಮಕ್ಕಳ ವಾರ್ಡಲ್ಲಿ ಕೆಲಸ ಮಾಡ್ತಿದೀನಿ. ನಮ್ಮ ಚರ್ಚಿನ ಮೂಲಕ ಉಗಾಂಡದ ಜಿಂಜಾ ಅನ್ನೋ ಊರಿನ ಹತ್ರ ಕ್ರೈಸ್ತ ಸನ್ಯಾಸಿನಿ ಸಿಸ್ಟರ್‌ಗಳು ನಡೆಸೋ ಮಕ್ಕಳ ಮನೆಗೆ ಒಂದು ವರ್ಷ ಹೋಗೋ ಅವಕಾಶ ಬಂದಿದೆ. ಊಟ ವಸತಿ ಅವರದ್ದು, ಟಿಕೆಟ್ ನಮ್ದು, ಸಂಬಳ ಇಲ್ಲ. ಅಮ್ಮ ವಿಷಯ ಕೇಳಿದಾಗಿಂದ ಅಳ್ತಾನೇ ಇದಾರೆ, ಅಪ್ಪ ಮಾತೇ ಬಿಟ್ಟಿದಾರೆ. ಯೂಟ್ಯೂಬಲ್ಲಿ ಹುಡುಕಿದ್ರೆ ಬರೀ ಮಕ್ಕಳನ್ನ ಎತ್ಕೊಂಡು ಕುಣಿಯೋ ವಿಡಿಯೋಗಳೇ ಸಿಗುತ್ತೆ, ಆಸ್ಪತ್ರೆಲಿ ಕೆಲಸ ಮಾಡಿದ ನಂಗೆ ಅಷ್ಟಂತೂ ಗೊತ್ತು ಮಕ್ಕಳು ಅಂದ್ರೆ ಬರೀ ಕುಣಿಯೋದಲ್ಲ ಅಂತ. ಹೋಗಿ ಇದ್ದು ಬಂದೋರು ಯಾರಾದ್ರೂ ಇದ್ರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನಿರುತ್ತೆ ಹೇಳ್ತೀರಾ?

ಕಂಪಾಲ ಕಾಫಿ

ನಾನು ಕಂಪಾಲದಲ್ಲಿ ಒಂದು ಹಾರ್ಡ್‌ವೇರ್ ಕಂಪನಿಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಹಾಸನದವನು. ಮಕ್ಕಳ ಮನೆ ಒಳಗಿನ ಕತೆ ನಂಗೊತ್ತಿಲ್ಲ, ಊರಿನ ಬಗ್ಗೆ ಹೇಳಬಲ್ಲೆ. ಜಿಂಜಾ ಇಲ್ಲಿಂದ ಸುಮಾರು 80 ಕಿಲೋಮೀಟರ್, ದಾರಿಲಿ ಮಬೀರಾ ಕಾಡು, ಟ್ರಾಫಿಕ್ ಇಲ್ದಿದ್ರೆ ಎರಡು ಗಂಟೆ, ಇದ್ರೆ ದೇವ್ರೇ ಗತಿ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡೋದೇ ಅಲ್ಲಿ. 1948ರಲ್ಲಿ ಗಾಂಧೀಜಿ ಚಿತಾಭಸ್ಮದ ಒಂದು ಪಾಲು ಆ ನೀರಿಗೇ ಬಿಟ್ಟಿದ್ದು, ಪ್ರತಿಮೆ ಇದೆ, ಅಪ್ಪಂಗೆ ಇದನ್ನ ಹೇಳಿ ನೋಡಿ ಸ್ವಲ್ಪ ಮನಸು ಕರಗಬಹುದು 😄 ಊರಿನ ದೊಡ್ಡ ಬೀದಿಲಿ ಗುಜರಾತಿಗಳು ಕಟ್ಟಿಸಿದ ಹಳೇ ಅಂಗಡಿ ಕಟ್ಟಡಗಳು ಸಾಲಾಗಿವೆ. 1972ರಲ್ಲಿ ಇಲ್ಲಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಏಷ್ಯಾದವರನ್ನೆಲ್ಲ ಓಡಿಸಿದ್ನಲ್ಲ, ಆಮೇಲೆ ಅಧ್ಯಕ್ಷ ಮುಸೆವೆನಿ ಕಾಲದಲ್ಲಿ ಒಂದಷ್ಟು ಜನ ವಾಪಸ್ ಬಂದ್ರು. ಹಾಗಾಗಿ ಬೇಳೆ, ಸಾಸಿವೆ, ಅಕ್ಕಿ ಎಲ್ಲ ಸಿಗುತ್ತೆ, ಹೆದರ್ಕೋಬೇಡಿ. ಹೆದರಬೇಕಾಗಿರೋದು ಬೋಡಾ ಬೋಡಾಗೆ, ಅಂದ್ರೆ ಬಾಡಿಗೆ ಬೈಕು. ಒಂದು ಬೈಕಲ್ಲಿ ನಾಲ್ಕು ಜನ, ಹಿಂದೆ ಒಂದು ಮಂಚ, ಹೆಲ್ಮೆಟ್ ಡ್ರೈವರ್ ಮೊಣಕೈಗೆ. ರಾತ್ರಿ ಹೊತ್ತು ಹತ್ಲೇಬೇಡಿ.

ಕುಡ್ಲದ ಬಾಯಿ

ತಂಗಿ, ನಾನು ಇದ್ದು ಬಂದವಳು. ನಿಮ್ಮ ಹಾಗೇ ನರ್ಸ್, ಊರು ಬಂಟ್ವಾಳದ ಹತ್ರ. ಸಿಸ್ಟರ್ ಅಲ್ಲ, ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಹೋದದ್ದು. ಯಾವ ಸಂಸ್ಥೆ ಅಂತ ಹೇಳುದಿಲ್ಲ, ಜಿಂಜಾದಿಂದ ಒಳಗೆ ಕಬ್ಬಿನ ಗದ್ದೆಗಳ ಮಧ್ಯೆ ಒಂದು ಹಳ್ಳಿ, ಒಂದು ಕಡೆ ಮಕ್ಕಳ ಮನೆ, ಕಾಂಪೌಂಡಿನ ಆಚೆ ಸಣ್ಣ ಹೆಲ್ತ್ ಸೆಂಟರು, ಅದರಲ್ಲಿ ಅಪೌಷ್ಟಿಕ ಮಕ್ಕಳಿಗೆ ಒಂದು ಕೋಣೆ.

ಮೊದಲೇ ಹೇಳ್ತೇನೆ, ನರ್ಸಿಂಗ್ ಓದಿದ್ದೇನೆ ಅಂತ ಹೋದ ಕೂಡ್ಲೇ ಸಿರಿಂಜ್ ಹಿಡೀಲಿಕ್ಕೆ ಆಗುದಿಲ್ಲ. ಅಲ್ಲಿಯ ನರ್ಸಸ್ ಅಂಡ್ ಮಿಡ್‌ವೈವ್ಸ್ ಕೌನ್ಸಿಲಿನ ರಿಜಿಸ್ಟ್ರೇಷನ್ ಬೇಕು, ಅದು ಬರುವ ತನಕ ನೀವು ಬರೀ ಎರಡು ಕೈ. ನಮ್ಮ ಸಿಸ್ಟರ್ ಇದರಲ್ಲಿ ಬಾರೀ ಸ್ಟ್ರಿಕ್ಟ್, ಸರಿಯೇ ಅದು. ಜಿಂಜಾದಲ್ಲೇ ಅಮೆರಿಕದ ಒಬ್ಬಳು ಮಿಷನರಿ ಹುಡುಗಿ ವೈದ್ಯಕೀಯ ಓದು ಇಲ್ಲದೆ ಅಪೌಷ್ಟಿಕ ಮಕ್ಕಳ ಕೇಂದ್ರ ನಡೆಸಿ, ಅಲ್ಲಿ ಎಷ್ಟೋ ಮಕ್ಕಳು ಸತ್ತು, 2019ರಲ್ಲಿ ತಾಯಂದಿರು ಕೋರ್ಟಿಗೆ ಹೋಗಿ, 2020ರಲ್ಲಿ ರಾಜಿಯಲ್ಲಿ ಮುಗಿದ ಕೇಸು ಉಂಟು. ತಾನೇ ಚಿಕಿತ್ಸೆ ಕೊಟ್ಟದ್ದಲ್ಲ ಅಂತ ಅವಳ ವಾದ, ತಪ್ಪು ಅಂತ ಅವಳು ಒಪ್ಪಲಿಲ್ಲ. ಏನೇ ಇರ್ಲಿ, ಆ ಊರಲ್ಲಿ ಹೊರಗಿನವರು ಮಗುವಿನ ಮೈ ಮುಟ್ಟಿದ್ರೆ ಜನ ಈಗ ಎರಡು ಸಲ ನೋಡ್ತಾರೆ. ನೋಡ್ಲೇಬೇಕು.

ದಿನ ಅಂದ್ರೆ ಬೆಳಿಗ್ಗೆ ಐದಕ್ಕೆ ಶುರು. ಮೊದಲ ಕೆಲಸ ಒದ್ದೆ ಚಾದರ. ಸಣ್ಣ ಮಕ್ಕಳು ರಾತ್ರಿ ಉಚ್ಚೆ ಹೊಯ್ದದ್ದು, ಅದನ್ನೆಲ್ಲ ರಾಶಿ ಹಾಕಿ ಹೊರಗೆ ತಗೊಂಡು ಹೋಗುದು. ನೀರು ಬೋರ್‌ವೆಲ್ಲಿನದ್ದು, ಕೈಯಲ್ಲಿ ಹೊಡೆಯುವ ಪಂಪು, 20 ಲೀಟರಿನ ಹಳದಿ ಜೆರ್ರಿಕ್ಯಾನ್. ಅಲ್ಲಿಯ ಹೆಂಗಸರು ಅದನ್ನು ತಲೆ ಮೇಲಿಟ್ಟು ಕೈ ಬಿಟ್ಟು ನಡೀತಾರೆ, ನಾನು ಎರಡು ಕೈಯಲ್ಲಿ ಹಿಡಿದು ಕಾಲಿಗೆ ಬಡಿಸಿಕೊಂಡು ಬರುದನ್ನು ನೋಡಿ ಮಕ್ಕಳಿಗೆ ದಿನಾ ನಗು. ಆಮೇಲೆ ಮಕ್ಕಳು ಕಕ್ಕಸಿಗೆ ಕೂರುವ ಪಾಟಿ ತೊಳೆಯುದು, ಬೇಸಿನ್‌ನಲ್ಲಿ ಸ್ನಾನ, ಸ್ನಾನ ಆದ ಮಗುವಿಗೆ ತಲೆಯಿಂದ ಕಾಲಿನವರೆಗೆ ವ್ಯಾಸಲಿನ್ ಹಚ್ಚಲೇಬೇಕು. ಹಚ್ಚದೆ ಶಾಲೆಗೆ ಕಳಿಸಿದ್ರೆ ಆ ಮಗುವನ್ನು ಸರಿ ನೋಡ್ಕೊಳ್ಳುದಿಲ್ಲ ಅಂತ ಅರ್ಥ, ಅಲ್ಲಿಯ ಆಂಟಿಯಂದಿರು ನನಗೆ ಮೊದಲು ಕಲಿಸಿದ್ದೇ ಇದು.

ಬಟ್ಟೆಯದ್ದೇ ಒಂದು ಪುರಾಣ. ಒಗೆದು ಹುಲ್ಲಿನ ಮೇಲೆ ಒಣಗಿಸುವ ಹಾಗಿಲ್ಲ, ಹಗ್ಗದ ಮೇಲೆ ಹಾಕಿದ್ರೂ ಇಸ್ತ್ರಿ ಹಾಕದೆ ಉಡಿಸುವ ಹಾಗಿಲ್ಲ. ಮ್ಯಾಂಗೋ ಫ್ಲೈ ಅಂತ ಒಂದು ನೊಣ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಇಡ್ತದೆ, ಮರಿ ಹುಳ ಚರ್ಮದ ಒಳಗೆ ಹೋಗಿ ಕುರು ಆಗ್ತದೆ. ಕುರುವಿನ ಬಾಯಿಗೆ ದಪ್ಪಕ್ಕೆ ವ್ಯಾಸಲಿನ್ ಮೆತ್ತಿ ಕೂತ್ರೆ ಉಸಿರು ಕಟ್ಟಿ ಹುಳ ಮೇಲೆ ಬರ್ತದೆ, ಆಗ ಹಿಂಡಿ ತೆಗೀಬೇಕು, ಬಿಳೀ ಅಕ್ಕಿಕಾಳಿನ ಹಾಗೆ ಇರ್ತದೆ. ಅದಕ್ಕೇ ಚಡ್ಡಿ, ಲಂಗೋಟಿ, ದಿಂಬಿನ ಕವರು, ಎಲ್ಲಕ್ಕೂ ಇದ್ದಿಲಿನ ಇಸ್ತ್ರಿ, ಹೊಲಿಗೆ ಇರುವ ಜಾಗದಲ್ಲಿ ಎರಡು ಸಲ. ಮಧ್ಯಾಹ್ನ ಬಿಸಿಲಲ್ಲಿ ಇದ್ದಿಲ ಪೆಟ್ಟಿಗೆ ಹಿಡಿದು ನಿಂತಾಗ ನಾನು ಆಫ್ರಿಕಕ್ಕೆ ಬಂದದ್ದು ಇದಕ್ಕಾ ಅಂತ ಅನ್ನಿಸ್ತದೆ. ಇದಕ್ಕೇ ತಂಗಿ. ವಾಲಂಟಿಯರ್ ಕೆಲಸದ ಮುಕ್ಕಾಲು ಪಾಲು ಇದೇ.

ಊಟ ಕೇಳ್ಬೇಡಿ. ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟಿನ ಗಂಜಿ, ಮಧ್ಯಾಹ್ನ ಪೋಷೋ ಮತ್ತು ಬೀನ್ಸ್, ರಾತ್ರಿ ಬೀನ್ಸ್ ಮತ್ತು ಪೋಷೋ 😂 ಪೋಷೋ ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಬಿಳೀ ಗಟ್ಟಿ ಮುದ್ದೆ, ಉಪ್ಪು ಸಹ ಇಲ್ಲ. ಆದಿತ್ಯವಾರ ಮಟೋಕೆ, ಬಾಳೆಕಾಯಿ ಬೇಯಿಸಿ ಹಿಸುಕಿದ್ದು, ಮೇಲೆ ಕಡ್ಲೆಬೀಜದ ಸಾರು, ಅದು ಲಾಯ್ಕ. ಸರೋವರದ ಸಣ್ಣ ಒಣಮೀನು ಮುಕೆನೆ ಅಂತ, ಪುಡಿ ಮಾಡಿ ಮಕ್ಕಳ ಗಂಜಿಗೆ ಹಾಕ್ತಾರೆ, ವಾಸನೆಗೆ ನನಗಂತೂ ಊರಿನ ನೆನಪು.

ಸಂಜೆ ಮೇಲೆ ಮಲೇರಿಯಾ. ಒಂದು ಮಗು ಆಟ ಬಿಟ್ಟು ಗೋಡೆಗೆ ಒರಗಿ ಕೂತಿತಾ, ಹಣೆ ಮುಟ್ಟಿ ನೋಡ್ಬೇಕು. ಬೆರಳು ಚುಚ್ಚಿ ಕಿಟ್‌ನಲ್ಲಿ ರಕ್ತ ಹಾಕಿದ್ರೆ ಇಪ್ಪತ್ತು ನಿಮಿಷದೊಳಗೆ ಗೆರೆ ಬರ್ತದೆ. ಗೆರೆ ಬಂದ್ರೆ ಕೋಆರ್ಟೆಮ್ ಅನ್ನುವ ಮಲೇರಿಯಾ ಮಾತ್ರೆ, ದಿನಕ್ಕೆ ಎರಡು ಸಲ, ಮೂರು ದಿನ, ಹಾಲೋ ಎಣ್ಣೆ ಇರುವ ಊಟವೋ ಹೊಟ್ಟೆಗೆ ಬಿದ್ದ ಮೇಲೆ. ಒಂದು ಗಂಟೆ ಒಳಗೆ ವಾಂತಿ ಆದ್ರೆ ಮತ್ತೆ ಕೊಡ್ಬೇಕು, ಅದಕ್ಕೇ ಮಾತ್ರೆ ಕೊಟ್ಟು ಅವರ ಪಕ್ಕ ಗಡಿಯಾರ ನೋಡ್ತಾ ಕೂರುದು. ಮಗು ಮಂಕಾಯ್ತು, ಫಿಟ್ಸ್ ಬಂತು, ಕಣ್ಣು ಬಿಳುಚಿತು ಅಂದ್ರೆ ಮಾತ್ರೆ ಗೀತ್ರೆ ಇಲ್ಲ, ಸೀದಾ ದೊಡ್ಡ ಆಸ್ಪತ್ರೆಗೆ, ಆರ್ಟೆಸುನೇಟ್ ಇಂಜೆಕ್ಷನಿಗೆ. ಅಲ್ಲಿ ಸಿಕ್ಕಲ್ ಸೆಲ್ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳೂ ಬಹಳ, ಅವರಿಗೆ ಜ್ವರ ಬಂದ್ರೆ ಯಾರಿಗೂ ನಿದ್ರೆ ಇಲ್ಲ.

ಕೈ ನೋವು ಬಂತು, ಅಪೌಷ್ಟಿಕ ಕೋಣೆಯ ಬಗ್ಗೆ ನಾಳೆ ಬರೀತೇನೆ.

ಗಂಡುಮೆಟ್ಟಿನ ನಾಡು

ಅಕ್ಕಾರ, ಓದಿ ಭಾಳ ಖುಷಿ ಆತು, ಆದ್ರ ಒಂದು ಮಾತು ಕೇಳ್ತೀನಿ ಸಿಟ್ಟಿಗೇಳಬ್ಯಾಡ್ರಿ. ನಮ್ಮ ಊರಾಗ ಮಕ್ಕಳ ಮನಿ ಇಲ್ಲೇನ್ರಿ? ರಾಯಚೂರು ಯಾದಗಿರಿ ಕಡೆ ಹೋಗ್ರಿ, ಕೂಸುಗಳು ಎಲುಬಾಗಿ ಕುಂತಾವ. ವಿಮಾನ ಹತ್ತಿ ಆಫ್ರಿಕಾಕ್ಕ ಹೋಗೂದು ಯಾಕ? ಇನ್ನೊಂದು, ಮಿಷನರಿ ಅಂದ ಕೂಡ್ಲೆ ಮತಾಂತರ ಅನ್ನೂದು ತಲಿಗೆ ಬರತೈತಿ, ಅದನ್ನೂ ಬಿಡಿಸಿ ಹೇಳ್ರಿ.

ಒಂಟಿಕೊಪ್ಪಲ್

ಗುರುವೇ ಪ್ರತಿ ಥ್ರೆಡ್ಡಲ್ಲೂ ಇದನ್ನೇ ಕೇಳ್ತೀರಲ್ಲ. ದುಬೈಗೆ ದುಡ್ಡಿಗೋಸ್ಕರ ಹೋದ್ರೆ ಯಾರೂ ಯಾಕೆ ಅಂತ ಕೇಳಲ್ಲ, ಸೇವೆಗೆ ಹೋದ್ರೆ ಮಾತ್ರ ಲೆಕ್ಕ.

ಕುಡ್ಲದ ಬಾಯಿ

ಇರ್ಲಿ ಮಾರಾಯ್ರೆ, ಕೇಳ್ಲಿ, ಕೇಳುವಂಥದ್ದೇ. ಎರಡನೇದ್ದಕ್ಕೆ ಮೊದಲು ಉತ್ತರ. ಉಗಾಂಡದಲ್ಲಿ ಹತ್ತರಲ್ಲಿ ಎಂಟು ಜನಕ್ಕಿಂತ ಹೆಚ್ಚು ಈಗಾಗಲೇ ಕ್ರೈಸ್ತರು, ಕೆಥೊಲಿಕರು, ಆಂಗ್ಲಿಕನ್ನರು, ಪೆಂಟೆಕೋಸ್ಟಲ್‌ನವರು. ಜೂನ್ 3ಕ್ಕೆ ನಮುಗೊಂಗೊ ಅನ್ನುವ ಜಾಗಕ್ಕೆ ದೇಶದ ಮೂಲೆ ಮೂಲೆಯಿಂದ ಜನ ವಾರಗಟ್ಟಲೆ ನಡ್ಕೊಂಡು ಬರ್ತಾರೆ, 1886ರಲ್ಲಿ ಅಲ್ಲಿ ರಾಜನ ಆಸ್ಥಾನದ ಹುಡುಗರನ್ನು ಧರ್ಮ ಬಿಡ್ಲಿಕ್ಕೆ ಒಪ್ಪಲಿಲ್ಲ ಅಂತ ಸುಟ್ಟು ಕೊಂದದ್ದು. ಅಂಥವರಿಗೆ ನಾನು ಬಂಟ್ವಾಳದಿಂದ ಹೋಗಿ ಎಂತ ಕಲಿಸುದು? ನಾವು ಪೂಜೆಗೆ ಒಂದು ಗಂಟೆ ಕೂತು ವಾಚು ನೋಡುವವರು, ಅವರದ್ದು ಡ್ರಮ್ಮು, ಕುಣಿತ, ಮೂರು ಗಂಟೆ. ಮಕ್ಕಳಲ್ಲಿ ಮುಸ್ಲಿಂ ಮನೆಯವರೂ ಇದ್ದರು, ಜಿಂಜಾ ಇರುವ ಬುಸೋಗಾ ಪ್ರದೇಶದ ಕಡೆ ಮುಸ್ಲಿಮರು ಸುಮಾರು ಜನ ಇದ್ದಾರೆ, ಆ ಮಕ್ಕಳ ಹೆಸರು ಬದಲಿಸಿದ್ದು ನಾನು ನೋಡ್ಲಿಲ್ಲ, ಹಬ್ಬಕ್ಕೆ ಅವರ ಅಜ್ಜಿ ಬಂದು ಮನೆಗೆ ಕರ್ಕೊಂಡು ಹೋಗ್ತಿದ್ರು. ಎಲ್ಲಾ ಕಡೆ ಹೀಗೇ ಅಂತ ನಾನು ಸರ್ಟಿಫಿಕೇಟ್ ಕೊಡುದಿಲ್ಲ. ರಾತ್ರಿಯಿಡೀ ಪ್ರಾರ್ಥನೆ ಮಾಡಿ ಮಲೇರಿಯಾ ಓಡಿಸ್ತೇವೆ ಅನ್ನುವ ಗುಂಪುಗಳನ್ನೂ ನೋಡಿದ್ದೇನೆ. ಅಂಥ ಕಡೆ ಹೋಗ್ಬೇಡಿ, ಅಷ್ಟೇ.

ನಮ್ಮೂರಲ್ಲಿ ಇಲ್ವಾ ಅಂದ್ರೆ ಉಂಟು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದಾಗಲೂ ಅವರ ದೇಶದಲ್ಲಿ ಬಡವರು ಇದ್ದೇ ಇದ್ದರು. ನನ್ನನ್ನು ಕಳಿಸಿದ್ದು ನಮ್ಮ ಸಿಸ್ಟರ್‌ಗಳ ಪರಿಚಯ, ಅಲ್ಲಿಗೆ ಕನ್ನಡ ಕೊಂಕಣಿ ಗೊತ್ತಿರುವ ಒಬ್ಬಳು ನರ್ಸ್ ಬೇಕಿತ್ತು ಅಂತಲ್ಲ, ಒಬ್ಬಳು ನರ್ಸ್ ಬೇಕಿತ್ತು. ನೀವು ರಾಯಚೂರಿಗೆ ಹೋಗ್ತೀರಾದ್ರೆ ಹೇಳಿ, ನಮ್ಮ ಬ್ಯಾಚಿನವಳೊಬ್ಬಳು ಆ ಕಡೆ ಎನ್‌ಆರ್‌ಸಿಯಲ್ಲಿ, ಅಂದ್ರೆ ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರದಲ್ಲಿ, ಇದ್ದಾಳೆ, ಕೈ ಸಾಲುದಿಲ್ಲ ಅಂತ ಯಾವಾಗ್ಲೂ ಹೇಳ್ತಾಳೆ.

ಗಂಡುಮೆಟ್ಟಿನ ನಾಡು

ಸರಿ ಬಿಡ್ರಿ, ಸಿಕ್ಕಾಕ್ಕೊಂಡೆ 😀 ಮುಂದ ಹೇಳ್ರಿ.

ಕುಡ್ಲದ ಬಾಯಿ

ಅಪೌಷ್ಟಿಕ ಕೋಣೆ. ತಂಗಿ, ನೀವು ಮಕ್ಕಳ ವಾರ್ಡಿನವರು, ನಿಮಗೆ ಗೊತ್ತಿರ್ತದೆ, ಬೇರೆಯವರಿಗೋಸ್ಕರ ಬರೀತೇನೆ.

ಮಗು ಬಂದ ಕೂಡ್ಲೇ ತೋಳಿಗೆ ಮೂರು ಬಣ್ಣದ ಟೇಪು ಸುತ್ತುದು. 11.5 ಸೆಂಟಿಮೀಟರಿಗಿಂತ ಕಡಿಮೆ ಆದ್ರೆ ಕೆಂಪು, ಅಂದ್ರೆ ತೀವ್ರ. ಕೆಲವು ಮಕ್ಕಳು ನೋಡ್ಲಿಕ್ಕೆ ಗುಂಡಗುಂಡಗೆ ಇರ್ತಾರೆ, ಮುಖ ಊದಿ, ಪಾದ ಊದಿ, ಅಮ್ಮನಿಗೆ ಮಗು ದಪ್ಪ ಆಗಿದೆ ಅಂತಲೇ ಭಾವನೆ. ಪಾದದ ಮೇಲೆ ಹೆಬ್ಬೆರಳು ಒತ್ತಿ ಮೂರು ಎಣಿಸಿ ತೆಗೆದ್ರೆ ಗುಳಿ ಹಾಗೇ ನಿಲ್ತದೆ. ಅದು ನೀರು, ಮಾಂಸ ಅಲ್ಲ. ಈ ಊತದ ಅಪೌಷ್ಟಿಕತೆಗೆ ಕ್ವಾಶಿಯೋರ್ಕರ್ ಅಂತ ಹೆಸರು. ಕೂದಲು ಕೆಂಚಾಗಿ ಎಳೆದ್ರೆ ಕೈಗೆ ಬರ್ತದೆ, ಚರ್ಮ ಹಳೇ ಪೇಂಟಿನ ಹಾಗೆ ಸುಲಿಯುತ್ತದೆ.

ಇಂಥ ಮಗುವಿಗೆ ಅಯ್ಯೋ ಪಾಪ ಅಂತ ಹೊಟ್ಟೆ ತುಂಬ ಊಟ ಕೊಟ್ರೆ ಸಾಯ್ತದೆ. ಹೃದಯ ತಡ್ಕೊಳ್ಳುದಿಲ್ಲ. ಗ್ಲುಕೋಸ್ ಬಾಟ್ಲಿ ಹಾಕಿದ್ರೂ ಅದೇ ಕತೆ, ಮೈಯ ರಕ್ತ ಓಡಾಟವೇ ಕುಸಿದು ಶಾಕ್ ಆಗಿದ್ರೆ ಮಾತ್ರ, ಅದೂ ಲೆಕ್ಕ ಹಾಕಿ. ಮೊದಲು ಎಫ್-75 ಅನ್ನುವ ತೆಳು ಹಾಲು, 100 ಮಿಲಿಗೆ 75 ಕ್ಯಾಲರಿ, ತೂಕ ನೋಡಿ ಚಾರ್ಟಿನಲ್ಲಿ ಇದ್ದಷ್ಟೇ, ಎರಡು ಮೂರು ಗಂಟೆಗೊಮ್ಮೆ, ಹಗಲು ರಾತ್ರಿ. ಬಾಟ್ಲಿ ಇಲ್ಲ, ಕಪ್ಪಿನಲ್ಲಿ. ರಾತ್ರಿ ಎರಡಕ್ಕೆ ಎಬ್ಬಿಸಿ, ತೊಡೆ ಮೇಲೆ ನೇರ ಕೂರಿಸಿ, ಕಪ್ಪಿನ ಅಂಚು ಕೆಳತುಟಿಗೆ ಇಟ್ಟು ಕಾಯ್ಬೇಕು, ಮಗು ತಾನೇ ನೆಕ್ಕಿ ತಗೊಳ್ಬೇಕು, ಸುರಿಯುವ ಹಾಗಿಲ್ಲ, ನೆತ್ತಿಗೆ ಹತ್ತಿದ್ರೆ ಮುಗೀತು. ಬಾಯಲ್ಲಿ ಹುಣ್ಣಿದ್ರೆ ಮುಖ ತಿರುಗಿಸ್ತದೆ, ಆಗ ಸ್ವಲ್ಪ ಬಿಟ್ಟು ಮತ್ತೆ. 60 ಮಿಲಿಗೆ ಅರ್ಧ ಗಂಟೆ ಹೋದದ್ದುಂಟು. ಅಷ್ಟರಲ್ಲಿ ಮುಂದಿನ ಮಗುವಿನ ಸರದಿ. ಚಳಿ ಆಗದ ಹಾಗೆ ತಲೆಗೆ ಟೊಪ್ಪಿ, ಅಮ್ಮನ ಮೈಗೆ ಒತ್ತಿ ಮಲಗಿಸುದು. ಜ್ವರಕ್ಕಿಂತ ಮೈ ತಣ್ಣಗಾಗುದಕ್ಕೇ ಅಲ್ಲಿ ಹೆಚ್ಚು ಹೆದರಿಕೆ.

ಊದಿದ ಮಗುವಿನ ತೂಕ ಮೊದಲ ದಿನಗಳಲ್ಲಿ ಇಳೀತದೆ, ಅದೇ ಒಳ್ಳೆ ಲಕ್ಷಣ, ನೀರು ಹೋಗ್ತಾ ಉಂಟು ಅಂತ. ಹೊಸ ವಾಲಂಟಿಯರ್‌ಗಳು ಇದನ್ನು ನೋಡಿ ಗಾಬರಿಯಾಗಿ ಕದ್ದು ಬಿಸ್ಕೆಟ್ ತಿನ್ನಿಸ್ತಾರೆ, ಅದಕ್ಕೆ ಸಿಸ್ಟರಿಂದ ಬೈಗಳು ಖಾಯಂ. ಹಸಿವು ವಾಪಸ್ ಬಂದ ಮೇಲೆ ಎಫ್-100 ಅನ್ನುವ ಹೆಚ್ಚು ಶಕ್ತಿಯ ಹಾಲು, ಆಮೇಲೆ ಕಡ್ಲೆಬೀಜದ ಪೇಸ್ಟಿನ ಪ್ಯಾಕೆಟು. ಗುಣ ಆಗ್ತಾ ಉಂಟು ಅಂತ ಯಾವಾಗ ಗೊತ್ತಾಗ್ತದೆ ಅಂದ್ರೆ ಆ ಮಗು ಸಿಟ್ಟು ಬಿಟ್ಟು ಪಕ್ಕದ ಮಂಚದ ಮಗುವಿನ ಪ್ಯಾಕೆಟಿಗೆ ಕೈ ಹಾಕಿದ ದಿನ.

ಇದೆಲ್ಲ ಮಾಡುದು ನಾನೊಬ್ಬಳೇ ಅಂತ ತಿಳ್ಕೊಳ್ಬೇಡಿ. ಔಷಧಿ ಬರೆಯುದು ಉಗಾಂಡದ ಕ್ಲಿನಿಕಲ್ ಆಫೀಸರ್, ರಾತ್ರಿ ಪಾಳಿಯ ಯಜಮಾನಿ ಅಲ್ಲಿಯ ನರ್ಸ್, ನನಗಿಂತ ಇಪ್ಪತ್ತು ವರ್ಷ ಸಣ್ಣವಳು, ನನಗಿಂತ ಜಾಸ್ತಿ ಗೊತ್ತು. ಮಗುವಿನ ಅಮ್ಮನೂ ಜೊತೆಗೇ ಇರ್ಬೇಕು, ಅವಳಿಗೆ ಕಿಟೊಬೆರೊ ಮಾಡ್ಲಿಕ್ಕೆ ಕಲಿಸಿಯೇ ಮನೆಗೆ ಕಳಿಸುದು. ಬಾಳೆಕಾಯಿಯೋ ಗೆಣಸೋ, ಅದಕ್ಕೆ ಬೀನ್ಸ್ ಅಥವಾ ಕಡ್ಲೆಬೀಜ, ಸ್ವಲ್ಪ ಮುಕೆನೆ ಪುಡಿ, ಸೊಪ್ಪು, ಎಲ್ಲ ಬಾಳೆಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ ನುಣ್ಣಗೆ ಮಾಡಿ ತಿನ್ನಿಸುದು. ಮನೆ ಹಿತ್ತಿಲಲ್ಲಿ ಸಿಗುವ ಸಾಮಾನೇ. ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿ ಮ್ವಾನಮುಗಿಮು ಅಂತ ಮಕ್ಕಳ ಪೌಷ್ಟಿಕ ಘಟಕ ಉಂಟು, ಅಲ್ಲಿಯೂ ತಾಯಿಗೆ ಕಲಿಸಿಯೇ ಕಳಿಸುವ ಕ್ರಮ.

ಮಕ್ಕಳ ಡಾಕ್ಟ್ರು, ಶಿವಮೊಗ್ಗ

ಕುಡ್ಲದ ಅಕ್ಕ ಬರೆದಿರೋದು ಪೂರ್ತಿ ಸರಿ ಇದೆ, ನಮ್ಮ ಎನ್‌ಆರ್‌ಸಿಗಳಲ್ಲೂ ಮಾಡೋದು ಹೆಚ್ಚುಕಮ್ಮಿ ಇದನ್ನೇ. ನಂದು ಬೇರೆ ಒಂದು ವಿಷಯ. ಮಕ್ಕಳ ಮನೆ ಅನ್ನೋ ವ್ಯವಸ್ಥೆ ಬಗ್ಗೆನೇ ಸ್ವಲ್ಪ ಯೋಚಿಸಿ. ರುಮೇನಿಯಾದ ಬುಕಾರೆಸ್ಟಲ್ಲಿ 2000ದ ಸುಮಾರಿಗೆ ಒಂದು ದೊಡ್ಡ ಅಧ್ಯಯನ ಶುರುವಾಯ್ತು, ಅನಾಥಾಲಯದಲ್ಲೇ ಉಳಿದ ಮಕ್ಕಳು ಮತ್ತೆ ಸಾಕು ಮನೆಗಳಿಗೆ ಹೋದ ಮಕ್ಕಳನ್ನ ವರ್ಷಗಟ್ಟಲೆ ಹೋಲಿಸಿ ನೋಡಿದ್ರು. ಮನೆಗಳಿಗೆ ಹೋದೋರು, ಅದರಲ್ಲೂ ಎರಡು ವರ್ಷ ತುಂಬೋಕೆ ಮುಂಚೆ ಹೋದೋರು, ಬುದ್ಧಿ ಬೆಳವಣಿಗೆಲಿ, ಸಾಕೋರನ್ನ ನಂಬಿ ಹಚ್ಚಿಕೊಳ್ಳೋ ಗುಣದಲ್ಲಿ ಎಷ್ಟೋ ಮುಂದೆ. ಸಂಸ್ಥೆಲಿ ಬೆಳೆದ ಎಷ್ಟೋ ಮಕ್ಕಳು ಗುರುತೇ ಇಲ್ಲದೋರ ತೊಡೆ ಮೇಲೂ ಓಡಿ ಬಂದು ಕೂರ್ತಾರೆ. ನೋಡೋರಿಗೆ ಎಷ್ಟು ಪ್ರೀತಿ ಅನ್ಸುತ್ತೆ, ನಮಗೆ ಅದು ಚಿಂತೆ ಹುಟ್ಟಿಸೋ ಲಕ್ಷಣ. ಮೂರು ತಿಂಗಳಿಗೊಬ್ಬ ಹೊಸ ಆಂಟಿ ಬಂದು ಎತ್ತಿ ಮುದ್ದಾಡಿ ಹೋಗೋ ಕಡೆ ಇದು ಇನ್ನೂ ಹದಗೆಡುತ್ತೆ. ಕೇಳೋಕೆ ಕಷ್ಟ ಆಗ್ಬೋದು ಆದ್ರೆ ಹೋಗೋಕೆ ಮುಂಚೆ ಗೊತ್ತಿರ್ಲಿ.

ಮಲೆನಾಡ ಮಳೆ

ಡಾಕ್ಟ್ರೇ ಇದನ್ನ ಓದಿ ನಿಜವಾಗ್ಲೂ ಸುಮ್ಮನಾದೆ. ಅಕ್ಕ, ನಿಮ್ಮ ಕಡೆ ಹೇಗಿತ್ತು? ಆ ಮಕ್ಕಳೆಲ್ಲ ಅನಾಥರೇನಾ?

ಒಂಟಿಕೊಪ್ಪಲ್

ಮಧ್ಯೆ ಒಂದು ಪ್ರಶ್ನೆ ಸೇರಿಸ್ಬಿಡ್ತೀನಿ. ನಾವು ಫ್ಯಾಮಿಲಿ ಡಿಸೆಂಬರಲ್ಲಿ ಗೊರಿಲ್ಲಾ ನೋಡೋಕೆ ಉಗಾಂಡ ಟೂರ್ ಹೋಗ್ತಿದೀವಿ, ಏಜೆಂಟ್ ಪ್ಯಾಕೇಜಲ್ಲಿ ಒಂದು ದಿನ ಆರ್ಫನೇಜ್ ವಿಸಿಟ್ ಅಂತ ಇದೆ, ಮಕ್ಕಳಿಗೆ ಚಾಕಲೇಟು, ಪೆನ್ಸಿಲ್ ಬಾಕ್ಸ್ ಕೊಟ್ಟು ಬರೋದು. ಅದು ಪರವಾಗಿಲ್ವಾ?

ಮಕ್ಕಳ ಡಾಕ್ಟ್ರು, ಶಿವಮೊಗ್ಗ

ಬೇಡ ಸಾರ್. ಮೈಸೂರಲ್ಲಿ ನಿಮ್ಮ ಮಗಳ ಶಾಲೆಗೆ ಬಸ್ಸಲ್ಲಿ ಟೂರಿಸ್ಟುಗಳು ಬಂದಿಳಿದು ಅವಳನ್ನ ತೊಡೆ ಮೇಲೆ ಕೂರಿಸ್ಕೊಂಡು ಫೋಟೋ ತೆಗೀತಾರೆ ಅಂದ್ರೆ ಬಿಡ್ತೀರಾ? ಮಕ್ಕಳನ್ನ ತೋರಿಸಿ ದುಡ್ಡು ಮಾಡೋ ಮನೆಗಳು ಇರೋದ್ರಿಂದಲೇ ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾನೂನು ತಂದಾಗ ಅನಾಥಾಲಯದ ಹೆಸರಲ್ಲಿ ಮಕ್ಕಳನ್ನ ಸಾಗಿಸೋದನ್ನೂ ಗುಲಾಮಗಿರಿ ಅಂತ ಗುರುತಿಸ್ತು.

ಒಂಟಿಕೊಪ್ಪಲ್

ಹೌದಲ್ವಾ, ಆ ಕಡೆಯಿಂದ ಯೋಚ್ನೆ ಮಾಡಿರ್ಲಿಲ್ಲ. ಏಜೆಂಟ್‌ಗೆ ಆ ದಿನ ತೆಗೆದು ನೈಲ್ ಬೋಟಿಂಗ್ ಹಾಕೋಕೆ ಹೇಳ್ತೀನಿ.

ಕುಡ್ಲದ ಬಾಯಿ

ಡಾಕ್ಟ್ರು ಹೇಳಿದ್ದಕ್ಕೆ ನನ್ನದು ನೂರಕ್ಕೆ ನೂರು ಒಪ್ಪಿಗೆ. ತಂಗಿ, ನಮ್ಮ ಮನೆಯಲ್ಲಿದ್ದ ಮಕ್ಕಳಲ್ಲಿ ತಂದೆ ತಾಯಿ ಇಬ್ಬರೂ ಇಲ್ಲದವರು ಬೆರಳೆಣಿಕೆ. ಉಳಿದವರಿಗೆ ಅಮ್ಮ ಉಂಟು, ಇಲ್ಲ ಅಜ್ಜಿ ಉಂಟು, ಅಲ್ಲಿ ಜಜ್ಜಾ ಅಂತಾರೆ. ಏಡ್ಸ್ ಕಾಲದಲ್ಲಿ ಮಗ ಸೊಸೆಯನ್ನು ಮಣ್ಣು ಮಾಡಿ ಮೊಮ್ಮಕ್ಕಳನ್ನು ಸಾಕಿದ್ದು ಆ ಜಜ್ಜಾಗಳೇ. ಮಗು ಇಲ್ಲಿಗೆ ಬರುದು ಯಾಕೆ? ಫೀಸು. 1997ರಿಂದ ಪ್ರಾಥಮಿಕ ಶಾಲೆ ಕಾಗದದ ಮೇಲೆ ಫ್ರೀ, ಆದ್ರೆ ಮಧ್ಯಾಹ್ನದ ಗಂಜಿಗೆ, ಯೂನಿಫಾರ್ಮಿಗೆ, ಪರೀಕ್ಷೆಗೆ, ಪ್ರತಿ ಟರ್ಮಿಗೂ ದುಡ್ಡು ಕಟ್ಬೇಕು, ವರ್ಷಕ್ಕೆ ಮೂರು ಟರ್ಮು. ಮಕ್ಕಳ ಮನೆಯಲ್ಲಿ ಬಿಟ್ರೆ ಶಾಲೆಯೂ ಊಟವೂ ಸಿಗ್ತದೆ ಅಂತ ಬಿಡ್ತಾರೆ. ಪ್ರೀತಿ ಇಲ್ಲ ಅಂತಲ್ಲ.

ಅಲ್ಲಿಯ ಸರ್ಕಾರವೂ ಈಗ ಸುಮ್ಮನೆ ಕೂತಿಲ್ಲ. 2012ರಲ್ಲೇ ಮಗು ಮೊದಲು ಕುಟುಂಬದಲ್ಲಿ, ಸಂಸ್ಥೆ ಕೊನೆಗೆ ಅಂತ ಚೌಕಟ್ಟು ಮಾಡಿದ್ದಾರೆ, 2016ರಲ್ಲಿ ಮಕ್ಕಳ ಕಾಯ್ದೆ ತಿದ್ದಿ ವಿದೇಶಿಗಳು ದತ್ತು ತಗೊಂಡು ಹಾರುದನ್ನು ಬಿಗಿ ಮಾಡಿದ್ರು, ಒಂದು ವರ್ಷ ಅಲ್ಲೇ ಇದ್ದು ಮಗುವನ್ನು ಸಾಕ್ಬೇಕು ಅಂತ. ನಮ್ಮ ಸಿಸ್ಟರ್ ಆ ದಾರಿ ಹಿಡಿದವರು. ಒಬ್ಬರು ಸೋಶಿಯಲ್ ವರ್ಕರ್ ಇದ್ದರು, ಅವರ ಕೆಲಸವೇ ಮನೆ ಹುಡುಕುದು. ಮಕ್ಕಳ ಮನೆಯವರನ್ನು ನೋಡ್ಲಿಕ್ಕೆ ಹೋಗುವ ದಿನ ನಾನೂ ಅವರ ಜೊತೆ ಹೋಗ್ತಿದ್ದೆ, ನನಗೆ ಅತ್ಯಂತ ಇಷ್ಟದ ಕೆಲಸ ಅದೇ.

ಒಂದು ಮನೆ ಬಗ್ಗೆ ಹೇಳ್ತೇನೆ, ಹೆಸರು ಗಿಸರು ಇಲ್ಲ. ಐದು ವರ್ಷದ ಹುಡುಗ, ಅಜ್ಜಿ ಮನೆ ಕಬ್ಬಿನ ಗದ್ದೆ ದಾಟಿ ಒಳಗೆ, ಮಣ್ಣಿನ ಗೋಡೆ, ತಗಡು. ಮೊದಲು ಹಳ್ಳಿಯ ಎಲ್‌ಸಿ ಒನ್ ಚೇರ್‌ಮನ್ ಹತ್ರ ಹೋಗಿ ಕೂತು ಮಾತು, ನಮ್ಮ ಕಡೆ ಪಂಚಾಯ್ತಿ ಸದಸ್ಯನ ಹತ್ರ ಹೋದ ಹಾಗೆ, ಅವನ ಕಾಗದ ಇಲ್ಲದೆ ಒಂದೂ ಆಗುದಿಲ್ಲ. ಆಮೇಲೆ ಜಿಲ್ಲೆಯ ಪ್ರೊಬೇಶನ್ ಆಫೀಸರ್ ಸಹಿ. ಆಮೇಲೆ ಅಜ್ಜಿ. ಮಲಗ್ಲಿಕ್ಕೆ ಜಾಗ ಎಲ್ಲಿ, ಸೊಳ್ಳೆ ಪರದೆ ಕಟ್ಲಿಕ್ಕೆ ಮೊಳೆ ಉಂಟಾ, ನೀರು ಎಷ್ಟು ದೂರ, ಮನೆಯಲ್ಲಿ ಕುಡಿಯುವವರು ಯಾರು, ಎಲ್ಲ ಕೇಳಿ ಬರೆದುಕೊಳ್ಳುದು. ಅಜ್ಜಿ ಎಲ್ಲದಕ್ಕೂ ಉತ್ತರ ಕೊಟ್ಟು ಕೊನೆಗೆ ತಿರುಗಿ ನಮ್ಮನ್ನೇ ಕೇಳಿದ್ರು, ಅವನು ನಿಮ್ಮಲ್ಲಿ ಕೆಲಸ ಮಾಡ್ತಾನಾ, ಆಡು ಕಟ್ಟಲಿಕ್ಕೆ ಗೊತ್ತಾ, ಅಥವಾ ಬರೀ ಕೂತು ತಿನ್ನುದು ಕಲಿಸಿದ್ದೀರಾ ಅಂತ. ಸೋಶಿಯಲ್ ವರ್ಕರ್‌ಗೆ ನಗು ತಡೀಲಿಕ್ಕೆ ಆಗ್ಲಿಲ್ಲ. ಎರಡು ಮೂರು ಸಲ ಹುಡುಗನನ್ನು ಕರ್ಕೊಂಡು ಹೋಗಿ ಸಂಜೆ ವಾಪಸ್ ಕರ್ಕೊಂಡು ಬಂದು, ಆಮೇಲೆ ರಜೆಯಲ್ಲಿ ಬಿಟ್ಟು, ಆಮೇಲೆ ಪೂರ್ತಿ. ಜೊತೆಗೆ ಒಂದು ಹಾಸಿಗೆ, ಕಂಬಳಿ, ಪರದೆ, ಗುದ್ದಲಿ, ಒಂದು ಹೆಣ್ಣು ಆಡು, ಶಾಲೆ ಫೀಸು ಸಂಸ್ಥೆಯದ್ದು. ಒಂದು ಮಗುವನ್ನು ಸಂಸ್ಥೆಯಲ್ಲಿ ಇಟ್ಟುಕೊಳ್ಳುದಕ್ಕಿಂತ ಇದು ಕಡಿಮೆ ಖರ್ಚು, ಆದ್ರೆ ದಾನ ಕೊಡುವವರಿಗೆ ಕಟ್ಟಡದ ಮೇಲೆ ಹೆಸರು ಬೇಕು, ಆಡಿನ ಮೇಲೆ ಬರೀಲಿಕ್ಕೆ ಆಗ್ತದಾ?

ಎಲ್ಲಾ ಮಕ್ಕಳದ್ದೂ ಹೀಗೆ ಆಗುದಿಲ್ಲ. ಒಬ್ಬಳು ಹುಡುಗಿಯನ್ನು ಮನೆಯಲ್ಲಿ ಹೊಡೆತ ತಡೀಲಾರದೆ ಮತ್ತೆ ಕರ್ಕೊಂಡು ಬರ್ಬೇಕಾಯ್ತು. ಮೈಗೆ ಸರಿಯಿಲ್ಲದ, ನಡೀಲಾರದ ಮಕ್ಕಳನ್ನು ಕರೆದುಕೊಳ್ಳುವ ಮನೆ ಸಿಗುದು ಬಹಳ ಕಷ್ಟ, ಅವರು ಅಲ್ಲೇ ಉಳೀತಾರೆ.

ಮಲೆನಾಡ ಮಳೆ

ಅಕ್ಕ ತುಂಬಾ ಥ್ಯಾಂಕ್ಸ್. ಹಾಗಾದ್ರೆ ಒಪ್ಕೊಳ್ಳೋಕೆ ಮುಂಚೆ ಆ ಸಿಸ್ಟರ್‌ಗಳನ್ನ ಏನೇನು ಕೇಳಲಿ? ಕೇಳಿದ್ರೆ ಅಧಿಕಪ್ರಸಂಗ ಅನ್ಕೋತಾರೇನೋ ಅಂತ ಭಯ.

ಕುಡ್ಲದ ಬಾಯಿ

ಅನ್ಕೊಂಡ್ರೆ ಅನ್ಕೊಳ್ಳಿ, ನೀವು ಸಂಬಳ ಇಲ್ಲದೆ ಹೋಗುವವರು, ಕೇಳುವ ಹಕ್ಕುಂಟು. ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದ್ರು ಅಂತ ಕೇಳಿ. ಇದೇ ನನ್ನ ಮೊದಲ ಪ್ರಶ್ನೆ ಯಾವಾಗ್ಲೂ. ಎಷ್ಟು ಮಕ್ಕಳನ್ನು ಸಾಕ್ತಾ ಇದ್ದೇವೆ ಅಂತ ಮಾತ್ರ ಹೇಳಿ, ಹೋದವರ ಲೆಕ್ಕ ಇಲ್ಲ ಅಂದ್ರೆ ನಾನಾದ್ರೆ ಹೋಗುದಿಲ್ಲ. ಸರ್ಕಾರದ ಲೈಸೆನ್ಸ್ ಉಂಟಾ ಕೇಳಿ. ನಿಮ್ಮ ಪೊಲೀಸ್ ಕ್ಲಿಯರೆನ್ಸ್ ಕೇಳ್ತಾರಾ ನೋಡಿ, ಕೇಳದಿದ್ರೆ ಅದು ಒಳ್ಳೇದಲ್ಲ, ಯಾರನ್ನು ಬೇಕಾದ್ರೂ ಮಕ್ಕಳ ಹತ್ರ ಬಿಡ್ತಾರೆ ಅಂತ ಅರ್ಥ. ಮಕ್ಕಳನ್ನು ದಿನಾ ನೋಡಿಕೊಳ್ಳುವ ಅಲ್ಲಿಯ ಆಂಟಿಯಂದಿರಿಗೆ ಸರಿ ಸಂಬಳ ಕೊಡ್ತಾರಾ, ಅವರು ಎಷ್ಟು ವರ್ಷದಿಂದ ಇದ್ದಾರೆ ಕೇಳಿ. ಮಗುವಿಗೆ ರಾತ್ರಿ ಹೆದರಿಕೆ ಆದಾಗ ಅದು ಓಡಿ ಹೋಗಬೇಕಾದ್ದು ಅವರ ಹತ್ರ, ನಿಮ್ಮ ಹತ್ರ ಅಲ್ಲ. ನೀವು ಅವರ ಬಟ್ಟೆ ರಾಶಿ ಕಡಿಮೆ ಮಾಡಿದ್ರೆ ಅವರಿಗೆ ಮಗುವನ್ನು ಮಡಿಲಲ್ಲಿ ಹಾಕಿಕೊಳ್ಳಲಿಕ್ಕೆ ಪುರ್ಸೊತ್ತು ಸಿಗ್ತದೆ, ನಿಮ್ಮ ಕೆಲಸ ಅದು.

ವೀಸಾ ಏನು ಅಂತ ಸರಿಯಾಗಿ ಕೇಳಿ, ಟೂರಿಸ್ಟ್ ವೀಸಾದಲ್ಲಿ ಬಂದು ಕೆಲಸ ಮಾಡಿ ಅಂದ್ರೆ ಬೇಡ. ಮಕ್ಕಳ ಫೋಟೋ ಸ್ಟೇಟಸ್ಸಿಗೆ ಹಾಕ್ಬೇಡಿ. ಮತ್ತೆ ಭಾಷೆ, ಇಂಗ್ಲಿಷ್ ನಡೀತದೆ, ಆದ್ರೆ ಮೂರು ವರ್ಷದ ಮಗುವಿಗೆ ಹೊಟ್ಟೆ ನೋವು ಅಂತ ಇಂಗ್ಲಿಷಲ್ಲಿ ಹೇಳ್ಲಿಕ್ಕೆ ಬರುದಿಲ್ಲ, ಲುಸೋಗ ಅಥವಾ ಲುಗಾಂಡ ಸ್ವಲ್ಪ ಕಲೀರಿ, ಹೋಗುವ ಮೊದಲೇ.

ಗಂಡುಮೆಟ್ಟಿನ ನಾಡು

ಎಬೋಲಾ ಬಗ್ಗೆ ಯಾರೂ ಹೇಳಲಿಲ್ಲಲ್ರಿ?

ಕಂಪಾಲ ಕಾಫಿ

ಆಗಾಗ ಬಂದು ಹೋಗುತ್ತೆ. 2022ರಲ್ಲಿ ಮುಬೆಂಡೆ ಕಡೆ ಬಂದಾಗ ನಾವೆಲ್ಲ ಮನೆ ಬಿಟ್ಟು ಹೊರಗೆ ಬರ್ತಿರ್ಲಿಲ್ಲ, 2023ರ ಜನವರಿಲಿ ಮುಗೀತು ಅಂತ ಘೋಷಿಸಿದ್ರು. ಇವರಿಗೆ ಈ ತರ ಕಾಯಿಲೆ ಹಿಡಿದು ನಿಲ್ಲಿಸೋದು ಚೆನ್ನಾಗೇ ಗೊತ್ತಿದೆ. ದಿನನಿತ್ಯದ ಅಪಾಯ ಅಂದ್ರೆ ಮಲೇರಿಯಾ ಮತ್ತೆ ರಸ್ತೆ, ಅಷ್ಟೇ. ಮಲೇರಿಯಾ ತಡೆಯೋ ಮಾತ್ರೆ ಯಾವುದು ಆಗುತ್ತೆ ಅಂತ ಡಾಕ್ಟರ ಹತ್ರ ಕೇಳ್ಕೊಂಡು ಬನ್ನಿ. ಯೆಲ್ಲೋ ಫೀವರ್ ಲಸಿಕೆ ಹೊರಡೋಕೆ 10 ದಿನ ಮುಂಚೆನೇ ಹಾಕಿಸ್ಕೊಳ್ಳಿ, ಸರ್ಕಾರ ಗುರುತು ಮಾಡಿರೋ ಸೆಂಟರಲ್ಲಿ ಮಾತ್ರ, ಲಸಿಕೆ ಹಾಕಿದ್ದಕ್ಕೆ ಕೊಡೋ ಹಳದಿ ಪುಸ್ತಕ ಕಳ್ಕೋಬೇಡಿ. ಬರೋವಾಗ ಅದಿಲ್ದೆ ಬೆಂಗಳೂರಲ್ಲಿ ಇಳಿದ್ರೆ ಕ್ವಾರಂಟೈನ್‌ಗೆ ಹಾಕ್ತಾರೆ.

ಮಲೆನಾಡ ಮಳೆ

ನಿನ್ನೆ ಪ್ರಶ್ನೆಗಳನ್ನೆಲ್ಲ ಬರೆದು ಸಿಸ್ಟರ್‌ಗೆ ಮೇಲ್ ಮಾಡಿದೆ. ಬೈತಾರೆ ಅನ್ಕೊಂಡ್ರೆ ಉದ್ದಕ್ಕೆ ಉತ್ತರ ಬರ್ದಿದಾರೆ, ಲೈಸೆನ್ಸ್ ಕಾಪಿನೂ ಹಾಕಿದಾರೆ, ಮನೆಗೆ ಹೋದ ಮಕ್ಕಳ ಲೆಕ್ಕನೂ ಇದೆ, ಪೊಲೀಸ್ ಕ್ಲಿಯರೆನ್ಸ್ ಕೇಳಿದಾರೆ. ಕೌನ್ಸಿಲ್ ರಿಜಿಸ್ಟ್ರೇಷನ್ ಆಗೋವರೆಗೆ ಲಾಂಡ್ರಿ ಮತ್ತೆ ಅಡುಗೆಮನೆ ಅಂತ ಸ್ಪಷ್ಟವಾಗಿ ಬರ್ದಿದಾರೆ 😅 ಅಪ್ಪಂಗೆ ಮೇಲ್ ಓದಿ ಹೇಳ್ದೆ, ಇನ್ನೂ ಹೂಂ ಅಂದಿಲ್ಲ, ಆದ್ರೆ ರಾತ್ರಿ ಊಟ ಮಾಡ್ತಾ ಅಲ್ಲಿ ಕರೆಂಟ್ ಇರುತ್ತಾ ಅಂತ ಕೇಳಿದ್ರು. ಅಮ್ಮ ರಾಗಿ ಹಿಟ್ಟು ಬೀಸಿಸೋಕೆ ಶುರು ಮಾಡಿದಾರೆ, ಐದು ಕೆಜಿ ತಗೊಂಡು ಹೋಗು ಅಂತ.

ಕಂಪಾಲ ಕಾಫಿ

ಅಯ್ಯೋ ಅಮ್ಮಂಗೆ ಹೇಳಿ ರಾಗಿ ಬೇಡ ಅಂತ, ರಾಗಿ ಹುಟ್ಟಿದ್ದೇ ಈ ಪೂರ್ವ ಆಫ್ರಿಕಾದ ಗುಡ್ಡಗಾಡಲ್ಲಿ, ಇಲ್ಲಿಂದಲೇ ನಮ್ಮ ಕಡೆಗೆ ಬಂದಿದ್ದು. ಇಲ್ಲಿ ಅದನ್ನ ಮರಗೆಣಸಿನ ಹಿಟ್ಟಿನ ಜೊತೆ ಕಲಸಿ ಕಾಲೊ ಅಂತ ಮುದ್ದೆ ಮಾಡ್ತಾರೆ, ಯಾವ ಸಂತೆಲಿ ಬೇಕಾದ್ರೂ ಹಿಟ್ಟು ಸಿಗುತ್ತೆ. ಕರೆಂಟ್ ಇರುತ್ತೆ, ಹೋಗುತ್ತೆ, ತಲೆಗೆ ಕಟ್ಟೋ ಟಾರ್ಚ್ ಒಂದು ತನ್ನಿ. ಆ ಐದು ಕೆಜಿ ಜಾಗದಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಇಂಗು ತುಂಬ್ಕೊಳ್ಳಿ, ಲಗೇಜಲ್ಲಿ ಮಿಕ್ಕಿದ್ರೆ ನಂಗೊಂದು ಪ್ಯಾಕೆಟ್ ಕಾಫಿಪುಡಿ, ಚಿಕೋರಿ ಹಾಕಿರೋದೇ ಇರ್ಲಿ.